ನೆಲಮಹಡಿಯ ಬಿಸಿಲು

"ಗುರುಗಳೇ, ಹೆಮ್ಮೆ ಬಿಡಬೇಕು ಅನ್ನುತ್ತೀರಿ. ಕೈಯಾರೆ ಮಾಡಿದ ಒಳ್ಳೆಯ ಕೆಲಸಕ್ಕೂ ಹೆಮ್ಮೆ ಪಡಬಾರದೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಕಟ್ಟಡಗಳ ನಕ್ಷೆ ಬರೆಯುವ ಹೆಂಗಸೊಬ್ಬಳಿದ್ದಳು. ಊರಾಚೆಯ ಬಯಲಿನಲ್ಲಿ ಇಪ್ಪತ್ತಿಪ್ಪತ್ತು ಮಹಡಿಯ ಐದು ವಸತಿ ಕಟ್ಟಡಗಳನ್ನು ಎಬ್ಬಿಸಬೇಕೆಂದು ಒಬ್ಬ ಬಿಲ್ಡರ್ ಅವಳನ್ನು ಕರೆಸಿದ. ಅಷ್ಟು ದೊಡ್ಡ ಕೆಲಸ ಅವಳಿಗೆ ಅದೇ ಮೊದಲು. ಚಳಿಗಾಲವಾಗಿತ್ತು. ಬಯಲಿನಲ್ಲಿ ಬಿದಿರ ಗಳು ನೆಟ್ಟು, ನೆರಳು ಎಲ್ಲಿಂದೆಲ್ಲಿಗೆ ಸರಿಯುತ್ತದೆಂದು ದಿನವಿಡೀ ನಿಂತು ಗುರುತು ಮಾಡಿಕೊಂಡಳು. ನಾಲ್ಕು ಕಟ್ಟಡಗಳನ್ನು ಅಂಚಿಗೆ ಬರೆದು, ನಡುವಿನ ಜಾಗ ಖಾಲಿ ಬಿಟ್ಟಳು.

"ಐದನೆಯದು ಎಲ್ಲಿ ಮೇಡಂ?" ಎಂದ ಬಿಲ್ಡರ್.

"ಅದು ನಡುವೆ ಎದ್ದರೆ ಉತ್ತರದ ಕಟ್ಟಡದ ಕೆಳಮನೆಗಳಿಗೆ ಚಳಿಗಾಲದಲ್ಲಿ ಬಿಸಿಲೇ ಬೀಳುವುದಿಲ್ಲ."

"ಬಿಸಿಲು ಬೇಕಾದವರು ಮೇಲಿನ ಮನೆ ತಗೊಳ್ಳಲಿ. ನೀವು ಬರೆದುಕೊಡಿ."

"ಬೇರೆ ಯಾರಿಂದಲಾದರೂ ಬರೆಸಿ ಸಾರ್. ಅದಕ್ಕೆ ನಾನು ಸಹಿ ಹಾಕುವುದಿಲ್ಲ."

ನಕ್ಷೆ ಸುತ್ತಿಕೊಂಡು ಎದ್ದು ಬಂದಳು. ಮನೆಗೆ ಬಂದಮೇಲೆ, ಕೈಗೆ ಬಂದ ಕೆಲಸ ಕಳೆದುಕೊಂಡೆನಲ್ಲ ಎಂದು ಪೇಚಾಡಿದಳು. ಆದರೂ ಆ ಬಯಲು ಅವಳ ತಲೆಯಿಂದ ಹೋಗಲಿಲ್ಲ. ಹದಿನೈದು ದಿನ ಬರೆದಳು, ಅಳಿಸಿದಳು. ಕೊನೆಗೆ ಹೊಳೆಯಿತು. ಉತ್ತರದ ಕಟ್ಟಡದ ಆಚೆ ಯಾರ ಮನೆಯೂ ಇರಲಿಲ್ಲ, ಬರೀ ಬಂಡೆಗುಡ್ಡ. ಐದನೆಯ ಕಟ್ಟಡದ ಮನೆಗಳನ್ನೆಲ್ಲ ಉತ್ತರದ ಕಟ್ಟಡದ ಮೇಲೆಯೇ ಏರಿಸಿದರೆ ನೆರಳು ಬಂಡೆಯ ಮೇಲೆ ಬೀಳುತ್ತದೆ. ಕರೆಯದಿದ್ದರೂ ಹೋಗಿ ಬಿಲ್ಡರ್ ಮುಂದೆ ನಕ್ಷೆ ಬಿಡಿಸಿದಳು. ಅವನು ಮನೆಗಳನ್ನು ಎಣಿಸಿದ. ಒಂದು ಮನೆಯೂ ಕಡಿಮೆಯಾಗಿರಲಿಲ್ಲ. ನಲವತ್ತು ಮಹಡಿಯ ಕಟ್ಟಡ ಊರಿನಲ್ಲಿ ಇನ್ನೊಂದಿರಲಿಲ್ಲ. ಒಪ್ಪಿದ.

ಜನ ಒಕ್ಕಲು ಬಂದ ಮೇಲೆ, ಒಂದು ಚಳಿಗಾಲದ ಬೆಳಿಗ್ಗೆ ಬಿಲ್ಡರ್ ಬಂದವರನ್ನೆಲ್ಲ ತುದಿಯ ನಲವತ್ತನೆಯ ಮಹಡಿಗೆ ಕರೆದೊಯ್ದು ಊರು ತೋರಿಸುತ್ತಿದ್ದ. ಇವಳು ಅವರ ಜೊತೆ ಲಿಫ್ಟ್ ಹತ್ತಲಿಲ್ಲ. ಅದೇ ಕಟ್ಟಡದ ನೆಲಮಹಡಿಗೆ ಹೋದಳು. ಬಾಲ್ಕನಿಯಲ್ಲಿ ಅಜ್ಜಿಯೊಬ್ಬಳು ಎಣ್ಣೆ ಹಚ್ಚಿದ ಹಸುಗೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಳೆಬಿಸಿಲು ಕಾಯಿಸುತ್ತಿದ್ದಳು.

"ಇಷ್ಟೆತ್ತರದ ಕಟ್ಟಡಗಳ ನಡುವೆ ಮಗೂಗೆ ಬಿಸಿಲೆಲ್ಲಿ ಸಿಗುತ್ತೆ ಅಂತ ಹೆದರಿದ್ದೆ ಕಣಮ್ಮ. ನಮ್ಮ ಪುಣ್ಯ, ಅಂಗಳದಲ್ಲಿ ಬರೋ ಹಾಗೆ ಬರುತ್ತೆ," ಎಂದಳು ಅಜ್ಜಿ.

ನಕ್ಷೆ ಬರೆದವಳು ತಾನು ಯಾರೆಂದು ಹೇಳಲಿಲ್ಲ. ಮಗುವಿನ ಅಂಗಾಲು ಮುಟ್ಟಿದಳು, ಬೆಚ್ಚಗಿತ್ತು. ಹೊರಗೆ ಬರುವಾಗ ಎದೆಯುಬ್ಬಿತ್ತು. ಅದನ್ನು ಅವಳು ಅಡಗಿಸಿಕೊಳ್ಳಲೂ ಇಲ್ಲ.

ಶಿಷ್ಯ ಕೇಳಿದ: "ಹಾಗಾದರೆ ತುದಿಯಲ್ಲಿ ನಿಂತವನ ಹೆಮ್ಮೆಗೂ ಅವಳ ಹೆಮ್ಮೆಗೂ ಏನು ವ್ಯತ್ಯಾಸ?"

ಗುರುಗಳೆಂದರು: "ಮೇಲಿನ ಮನೆಗೆ ಬಿಸಿಲು ತಾನಾಗಿಯೇ ಬರುತ್ತದಪ್ಪ, ಕೆಳಗಿನ ಮನೆಗೆ ಯಾರಾದರೂ ತರಬೇಕು."