ಹಗೇವಿನ ಕಾವಲು

“ಬುದ್ಧಿ, ಅನ್ನಕ್ಕೆ ವಿಷ ಬೆರೆಸಬೇಕೆಂದು ಒಬ್ಬನು ಮನಸ್ಸು ಮಾಡಿದರೆ ಅವನನ್ನು ತಡೆಯುವ ಬಗೆ ಯಾವುದು?”

ಅಡವೀಶನು ಇದನ್ನು ಗುರುಗಳೆದುರು ನಿಂತುಕೊಂಡೇ ಕೇಳಿದನು. ಮಠದ ಉಗ್ರಾಣವೂ ದಾಸೋಹದ ಅಡುಗೆಮನೆಯೂ ಅವನ ವಶದಲ್ಲಿದ್ದವು. ದೂರದ ಒಂದು ಛತ್ರದಲ್ಲಿ ಯಾರೋ ಬೇಳೆಯ ಹಂಡೆಗೆ ಏನನ್ನೋ ಬೆರೆಸಿದರೆಂದೂ, ಉಂಡವರು ಕೈತೊಳೆಯಲು ಏಳಲಾರದೆ ಪಂಕ್ತಿಯಲ್ಲೇ ಒರಗಿದರೆಂದೂ ಈಚೆಗೆ ಸುದ್ದಿ ಬಂದಿತ್ತು. ಅಂದಿನಿಂದ ಅವನು ನೆಮ್ಮದಿಯಾಗಿ ಕುಳಿತು ಉಂಡಿರಲಿಲ್ಲ. ಮಠದಲ್ಲಿ ಓದುವ ಮಕ್ಕಳು ಸಾಲಾಗಿ ಕುಳಿತು ಉಣ್ಣುವಾಗ ಅವರ ನಡುವೆ ನಡೆದಾಡುತ್ತ, ಒಂದೊಂದು ತುತ್ತೂ ಬಾಯಿಗೆ ಹೋಗುವುದನ್ನೇ ನೋಡುತ್ತಿದ್ದನು. ಯಾರಾದರೂ ಕೆಮ್ಮಿದರೆ ಅವರ ಬಳಿಗೆ ಓಡುತ್ತಿದ್ದನು.

ಅವನು ಒಂದು ತೀರ್ಮಾನಕ್ಕೂ ಬಂದಿದ್ದನು. ಭಕ್ತರು ಮಡಿಲಲ್ಲಿ ಕಟ್ಟಿಕೊಂಡು ತರುವ ಅಕ್ಕಿ ಬೇಳೆಯನ್ನು ಇನ್ನು ಮುಟ್ಟುವುದು ಬೇಡ. ಕಾಳು ಹಸನು ಮಾಡಲು ಬರುವ ಹೆಂಗಸರು ಇನ್ನು ಬರುವುದು ಬೇಡ. ಉಗ್ರಾಣವನ್ನು ತೆರೆಯುವವನೂ ಅಳೆಯುವವನೂ ಮುಚ್ಚುವವನೂ ತಾನೊಬ್ಬನೇ ಆಗಬೇಕು. ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿ, ಗುರುಗಳ ಅಪ್ಪಣೆಯೊಂದು ಬಾಕಿ ಇದೆ ಎಂದನು.

ಗುರುಗಳು ಕುಳಿತುಕೊಳ್ಳಲು ಹೇಳಿದರು. ಅವನು ಕುಳಿತನಾದರೂ ಕಣ್ಣು ಉಗ್ರಾಣದ ಬಾಗಿಲಿನ ಕಡೆಗೇ ಇತ್ತು. ಗುರುಗಳು ಅಪ್ಪಣೆ ಕೊಡಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿತ್ತು. ಎರೆನೆಲದ ಊರು, ಜೋಳವೇ ಊಟ, ಜೋಳವೇ ಬದುಕು. ಊರಿಗೆಲ್ಲ ಸೇರಿದ ಒಂದು ಹಗೇವು ಅಲ್ಲಿತ್ತು. ನೆಲವನ್ನು ಆಳವಾಗಿ ತೋಡಿ, ಒಳಗೆಲ್ಲ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿದ ಗುಂಡಿ ಅದು. ಸುಗ್ಗಿ ಮುಗಿದ ಮೇಲೆ ಮನೆಮನೆಯವರೂ ತಮ್ಮ ಪಾಲನ್ನು ತಂದು ಅದರಲ್ಲಿ ಸುರಿಯುತ್ತಿದ್ದರು. ಸುರಿದ ಮೇಲೆ ಯಾವ ಕಾಳು ಯಾರ ಹೊಲದ್ದೆಂದು ಕೇಳುವಂತಿರಲಿಲ್ಲ. ಕೇಳಿದರೂ ಹೇಳಬಲ್ಲವರು ಇರಲಿಲ್ಲ. ವರ್ಷದ ಊಟವೂ ಮುಂದಿನ ಬಿತ್ತನೆಯ ಬೀಜವೂ ಅದರಿಂದಲೇ ಬರಬೇಕು.

ಹಗೇವಿನ ಬಾಯಿ ತೆರೆಯುವ ದಿನ ಊರಿನವರು ಯಾರೂ ಮನೆಯಲ್ಲಿರುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೋಯಿತೇ ಎಂದು ತಿಳಿಯಲು ಗಂಡಸರು ದೀಪವೊಂದನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುವರು. ಅದು ಆರದಿದ್ದರೆ ತಾವೂ ಇಳಿಯುವರು. ಮೇಲೆ ಬಂದ ಜೋಳವನ್ನು ಹೆಂಗಸರು ಮೊರಕ್ಕೆ ಹಾಕಿ ಕೇರುವರು, ನಾಲ್ಕು ಕಾಳು ಬಾಯಿಗೆಸೆದು ಅಗಿಯುವರು. ಮುಗ್ಗಲು ವಾಸನೆ ಬರುತ್ತಿದೆ ಎಂದು ಒಬ್ಬಳೆಂದರೆ, ವಾಸನೆ ಇರುವುದು ನಿನ್ನ ಮೂಗಿನಲ್ಲಿ ಎಂದು ಇನ್ನೊಬ್ಬಳು. ಕೈ ಹಾಕದವರಿಲ್ಲ, ಕೊಂಕು ತೆಗೆಯದವರಿಲ್ಲ. ಸಂಜೆಯವರೆಗೂ ಗದ್ದಲವೋ ಗದ್ದಲ.

ಒಮ್ಮೆ ದನ ಮೇಯಿಸುವ ಗೋಮಾಳಕ್ಕಾಗಿ ನೆರೆಯೂರಿನೊಂದಿಗೆ ವ್ಯಾಜ್ಯ ಬಂದಿತು. ಸಂತೆಯಲ್ಲಿ ಮಾತಿಗೆ ಮಾತು ಬೆಳೆದು, ಈ ಊರಿನವರು ಆ ಊರಿನವನೊಬ್ಬನನ್ನು ಹೊಡೆದು ಕೆಡವಿದರು. ಅವನು ಎದ್ದು ಮೈಯ ಧೂಳು ಕೊಡವಿಕೊಂಡು, ಈ ವರ್ಷ ನಿಮ್ಮ ಜೋಳವನ್ನು ನೀವು ಹೇಗೆ ಉಣ್ಣುತ್ತೀರೋ ನೋಡುತ್ತೇನೆ ಎಂದು ಎಲ್ಲರೆದುರಿಗೆ ಹೇಳಿ ಹೋದನು.

ಆ ಮಾತು ಊರನ್ನು ಹೊಕ್ಕಿತು. ಒಂದು ಬೊಗಸೆ ವಿಷ ಬಿದ್ದರೂ ಸಾಕು, ಯಾರ ಪಾಲೂ ಉಳಿಯದು. ಹಿರಿಯರು ಕೂಡಿ, ಕಾವಲಿಗೆ ಒಬ್ಬ ರೈತನನ್ನು ಆರಿಸಿದರು. ಅವನ ಕೈ ಶುದ್ಧವೆಂಬುದರಲ್ಲಿ ಯಾರಿಗೂ ಎರಡು ಮಾತಿರಲಿಲ್ಲ. ತನ್ನ ಎತ್ತು ಪಕ್ಕದ ಹೊಲದಲ್ಲಿ ಬಾಯಿ ಹಾಕಿದರೆ, ಹೊಲದವನು ಕೇಳುವ ಮೊದಲೇ ಹೋಗಿ ಹೇಳಿ ಬರುವ ಮನುಷ್ಯ. ಅವನು ಕಾವಲನ್ನು ಒಪ್ಪಿಕೊಂಡನು. ಅದರ ಜೊತೆಗೆ ಊರಿನ ಭಯವನ್ನೆಲ್ಲ ತಾನೊಬ್ಬನೇ ಹೊತ್ತನು.

ಮೊದಲು ಹಗೇವಿನ ಸುತ್ತ ಜಾಲಿಮುಳ್ಳಿನ ಬೇಲಿ ಹಾಕಿದನು. ಪರವೂರಿನವರು ಅತ್ತ ಸುಳಿಯದಂತೆ ಮಾಡಿದನು. ಅದು ಸರಿಯಾಗಿಯೇ ಇತ್ತು. ಆದರೆ ಬೇಲಿಯ ಒಳಗೆ ನಿಂತು ನೋಡುವಾಗ ಊರಿನವರ ಕೈಗಳೂ ಅವನಿಗೆ ಬೇರೆಯಾಗಿ ಕಾಣತೊಡಗಿದವು. ಇಷ್ಟು ಕೈಗಳಲ್ಲಿ ಒಂದು ಕೈ ಮಾರಿಕೊಂಡಿದ್ದರೆ? ಯಾವಳೋ ಒಬ್ಬಳ ತವರು ಆ ನೆರೆಯೂರೇ ಆಗಿದ್ದರೆ? ಮುಂದಿನ ಸಲ ಬಾಯಿ ತೆರೆಯುವ ದಿನ ಬಂದಾಗ, ಹೆಂಗಸರು ಯಾರೂ ಬರಬೇಕಾಗಿಲ್ಲ, ಜೋಳವನ್ನು ತಾನೇ ಎತ್ತಿ ಅಳೆದು ಕೊಡುವೆನೆಂದು ಡಂಗುರ ಸಾರಿಸಿದನು.

ಮೊರ ಹಿಡಿದು ಬಂದಿದ್ದ ಒಬ್ಬ ಮುದುಕಿ ಬೇಲಿಯಾಚೆಯೇ ನಿಂತುಬಿಟ್ಟಳು.

“ಏನಪ್ಪಾ, ನನ್ನ ಬಾಯಲ್ಲಿ ಇರುವ ಹಲ್ಲೇ ಎರಡು. ಅದರಲ್ಲಿ ವಿಷದ ಹಲ್ಲು ಯಾವುದೆಂದು ತೋರಿಸು, ಕೀಳಿಸಿಕೊಂಡು ಬರುತ್ತೇನೆ.”

ಹೆಂಗಸರೆಲ್ಲ ನಕ್ಕರು. ರೈತನು ನಗಲಿಲ್ಲ.

“ನಿನ್ನ ಮೇಲೆ ಅನುಮಾನವಿಲ್ಲ, ಅಜ್ಜಿ. ನಿನ್ನ ಹಿಂದೆ ಯಾರು ನುಸುಳುತ್ತಾರೋ ಎಂಬ ಹೆದರಿಕೆ.”

ಮುದುಕಿ ಮೊರವನ್ನು ಬಗಲಿಗೆ ಇರುಕಿಕೊಂಡು ಹೊರಟುಹೋದಳು.

ಆಮೇಲೆ ಎಲ್ಲವೂ ಸಲೀಸಾಯಿತು. ರೈತನು ಬೇಲಿಯ ಮೇಲಿಂದ ಬುಟ್ಟಿ ದಾಟಿಸುವನು, ಜನ ತೆಗೆದುಕೊಂಡು ಹೋಗುವರು. ಮೊದಮೊದಲು ಮನೆಗೆ ಒಯ್ದು ಒಮ್ಮೆ ಕೇರಿ ನೋಡುತ್ತಿದ್ದರು. ಅವನೇ ನೋಡಿರುವಾಗ ನಾವೇನು ನೋಡುವುದು ಎಂದು ಅದನ್ನೂ ಬಿಟ್ಟರು. ಬುಟ್ಟಿಯ ಜೋಳ ನೇರವಾಗಿ ಬೀಸುವ ಕಲ್ಲಿಗೆ ಬೀಳತೊಡಗಿತು. ಊರು ನಿಶ್ಚಿಂತೆಯಿಂದ ಉಂಡಿತು.

ರೈತನಿಗೆ ಮಾತ್ರ ನಿಶ್ಚಿಂತೆಯಿರಲಿಲ್ಲ. ಬೇಲಿಯ ಸುತ್ತ ತಿರುಗುವನು, ಮುಳ್ಳು ಸರಿದಿದೆಯೇ ಎಂದು ಬಾಗಿ ನೋಡುವನು, ನೋಡಿದ ಜಾಗವನ್ನೇ ಮತ್ತೆ ನೋಡುವನು. ಮನೆಗೆ ಹೋದರೆ ಹೆಂಡತಿ ರೊಟ್ಟಿ ತಟ್ಟುವ ಕೈಯನ್ನೇ ದಿಟ್ಟಿಸುವನು. ಅವಳು ಒಂದು ದಿನ, ಬೇಲಿಯನ್ನು ಅಲ್ಲೇ ಬಿಟ್ಟು ಊಟಕ್ಕೆ ಬರಬಾರದೇ ಎಂದಳು. ಅವನು ಉಣ್ಣದೆ ಎದ್ದನು. ಮೊದಲು ಅವನನ್ನು ಕಟ್ಟೆಗೆ ಕರೆದು ಎಲೆಯಡಿಕೆ ಕೊಡುತ್ತಿದ್ದವರು ಈಗ ದೂರದಿಂದಲೇ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಅನುಮಾನದ ಕಣ್ಣೆದುರು ಎಷ್ಟು ಹೊತ್ತು ಕುಳಿತಾರು? ಕಾವಲೆಂದರೆ ಹೀಗೆಯೇ ಎಂದು ಅವನು ತನಗೆ ತಾನೇ ಹೇಳಿಕೊಂಡನು.

ಅಂಥ ಕಾಲದಲ್ಲಿ ಒಬ್ಬ ವ್ಯಾಪಾರಿ ಬಂದನು. ಊರೂರು ತಿರುಗಿ ಇಂಗು, ಮೆಣಸು, ಬೇರು, ಪುಡಿ ಮಾರುವವನು. ಅವನು ಹಗೇವಿನ ಕಡೆ ತಿರುಗಿಯೂ ನೋಡಲಿಲ್ಲ; ಬೇಲಿಗೆ ಬೆನ್ನು ಮಾಡಿ ನೆರಳಲ್ಲಿ ಗಂಟು ಇಳಿಸಿ ಕುಳಿತನು. ರೈತನು ಎದ್ದು ಹೋಗೆಂದಾಗ, ನೀನು ಹೇಳುವುದು ನ್ಯಾಯವೆಂದು ಎದ್ದು, ದೂರದ ಬೇವಿನ ಮರದ ಕೆಳಗೆ ಹೋಗಿ ಕುಳಿತನು. ಇನ್ನೊಂದು ಸಂತೆಗೆ ಬಂದಾಗಲೂ ಅಷ್ಟೇ ದೂರದಲ್ಲಿ ಕುಳಿತನು. ಮತ್ತೊಂದು ಸಂತೆಯ ಹೊತ್ತಿಗೆ ರೈತನೇ ಅವನ ಹತ್ತಿರ ಹೋಗಿ ಕುಳಿತನು.

ವ್ಯಾಪಾರಿ ಹೆಚ್ಚು ಮಾತನಾಡುವವನಲ್ಲ. ಆದರೆ ಒಂದು ಮಾತು ಹೇಳಿದನು.

“ಊರೆಲ್ಲ ಹೊಟ್ಟೆ ತುಂಬ ಉಂಡು ಮಲಗುತ್ತದೆ. ಅದಕ್ಕಾಗಿ ಒಬ್ಬನು ನಿದ್ದೆಗೆಟ್ಟು ಸೊರಗಿದ್ದಾನೆಂದು ಒಬ್ಬರಾದರೂ ಕೇಳಿದರೇನಯ್ಯಾ?”

ಯಾರೂ ಕೇಳಿರಲಿಲ್ಲ. ರೈತನು ಇನ್ನಷ್ಟು ಹತ್ತಿರ ಸರಿದನು. ತನ್ನ ಭಯವನ್ನೆಲ್ಲ ಅವನೆದುರು ತೋಡಿಕೊಂಡನು. ಶತ್ರುವಿನ ಮಾತಾಯಿತು, ಊರಿನವರ ಮಾತಾಯಿತು. ಕೊನೆಗೆ ಜೋಳಕ್ಕೆ ನುಸಿ ಬೀಳುತ್ತಿರುವ ಮಾತೂ ಬಂತು. ಹೆಂಗಸರು ಕೇರುತ್ತಿದ್ದಾಗ ನುಸಿ ಅಲ್ಲಿಯೇ ಉದುರಿ ಹೋಗುತ್ತಿತ್ತು. ಈಗ ಅದು ಬೆಳೆದಿತ್ತು. ವ್ಯಾಪಾರಿ ಗಂಟು ಬಿಚ್ಚಿ ಬೂದಿಯಂಥ ಒಂದು ಪುಡಿ ಕೊಟ್ಟನು. ನಂಬಬೇಡ, ಮೊದಲು ನಿನ್ನ ಕೋಳಿಗೆ ಹಾಕಿ ನೋಡು ಎಂದು ತಾನಾಗಿಯೇ ಹೇಳಿದನು. ರೈತನು ಹಾಗೆಯೇ ಮಾಡಿದನು. ಕೋಳಿಗೆ ಏನೂ ಆಗಲಿಲ್ಲ. ಪುಡಿಯನ್ನು ಬೆರೆಸಿದನು, ನುಸಿ ಸತ್ತಿತು. ಉಂಡವರಿಗೂ ಏನೂ ಆಗಲಿಲ್ಲ.

ಮುಂಗಾರಿಗೆ ಮುಂಚೆ ಊಟಕ್ಕೂ ಬೀಜಕ್ಕೂ ಒಟ್ಟಾಗಿ ಜೋಳ ಹಂಚುವ ದಿನ ಹತ್ತಿರವಾಯಿತು. ವ್ಯಾಪಾರಿ ಈ ಸಲ ದೊಡ್ಡ ಚೀಲವನ್ನೇ ತಂದನು. ಬಣ್ಣ ಅದೇ, ವಾಸನೆಯೂ ಹೆಚ್ಚುಕಡಿಮೆ ಅದೇ. ರೈತನು ಕೋಳಿಯನ್ನು ಹಿಡಿಯಲು ಹೋಗಲಿಲ್ಲ. ಗೆಳೆಯನನ್ನು ಎಷ್ಟು ಸಲ ಪರೀಕ್ಷಿಸುವುದೆಂದು ಅವನಿಗೆ ನಾಚಿಕೆಯಾಯಿತು. ಹಗೇವಿಗೆ ಇಳಿದು, ತನ್ನ ಎರಡು ಕೈಯಿಂದಲೇ ಪುಡಿಯನ್ನು ಚೆನ್ನಾಗಿ ಬೆರೆಸಿದನು. ಹಂಚುವ ದಿನ ಜೋಳ ಮನೆಮನೆಗೂ ಹೋಯಿತು. ಬೇಲಿಯ ಮೇಲಿಂದ ಇಳಿದ ಬುಟ್ಟಿಯಲ್ಲಿ ಯಾರೂ ಕೈಯಾಡಿಸಲಿಲ್ಲ, ಯಾರೂ ಮೂಸಲಿಲ್ಲ.

ಮೊದಲು ಬೀಸಿದ ಮನೆಯವರು ಮೊದಲು ಉಂಡರು. ಆ ದಿನ ಆ ಊರು ಎಷ್ಟು ಜನರನ್ನು ಮಣ್ಣಿಗೆ ಕೊಟ್ಟಿತೆಂದು ನಾನು ಎಣಿಸಿ ಹೇಳಲಾರೆ. ಕೂಗು ಕೇಳಿ ಮಿಕ್ಕವರು ಕೈಯಲ್ಲಿದ್ದ ರೊಟ್ಟಿಯನ್ನು ಎಸೆದು ಉಳಿದುಕೊಂಡರು. ಮನೆಗಳಿಗೆ ಹೋಗಿದ್ದ ಜೋಳವನ್ನೂ ಹಗೇವಿನಲ್ಲಿ ಉಳಿದದ್ದನ್ನೂ ಒಟ್ಟು ಮಾಡಿ ಬೆಂಕಿ ಇಟ್ಟರು. ಬೀಜವೂ ಅದರಲ್ಲೇ ಇದ್ದುದರಿಂದ, ಮಳೆ ಸರಿಯಾಗಿ ಬಂದ ಆ ವರ್ಷ ಹೊಲಗಳು ಬೀಳು ಬಿದ್ದವು. ವ್ಯಾಪಾರಿ ನೆರೆಯೂರಿನ ಅಳಿಯನೆಂದು ತಿಳಿದುಬಂದದ್ದು ಬಹಳ ಆಮೇಲೆ.

ಅಂದು ಮಾತ್ರ ಜನರೆಲ್ಲ ಬೇಲಿಯ ಬಳಿಗೆ ಓಡಿದರು. ಶತ್ರು ಎಲ್ಲಿಂದ ನುಗ್ಗಿದನೆಂದು ಹುಡುಕಿದರು. ಬೇಲಿ ಹಾಕಿದಂತೆಯೇ ಇತ್ತು. ಒಂದು ಮುಳ್ಳೂ ಸರಿದಿರಲಿಲ್ಲ. ರೈತನೂ ಅವರೊಡನೆ ಸುತ್ತು ಹಾಕಿದನು, ಬಾಗಿ ನೋಡಿದನು, ನೋಡಿದ ಜಾಗವನ್ನೇ ಮತ್ತೆ ನೋಡಿದನು. ಹಾಗೆ ನೋಡುತ್ತಿದ್ದವನು ತನ್ನ ಅಂಗೈಗಳನ್ನು ಕಂಡು ನಿಂತನು. ಉಗುರಿನ ಸಂದಿಯಲ್ಲಿ ಬೂದಿಬಣ್ಣವಿತ್ತು.

“ಬೇಲಿಯನ್ನು ನೋಡಬೇಡಿ,” ಎಂದನು. “ಅವನು ಒಳಗೆ ಬಂದದ್ದು ನನ್ನಿಂದ.”

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಅಡವೀಶನು ಕುಳಿತಲ್ಲಿಯೇ ಎರಡು ಸಲ ಮಿಸುಕಾಡಿದನು. ಆ ರೈತನ ಮೇಲೆ ಅವನಿಗೆ ಕನಿಕರಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು. ಆ ಕೋಳಿಯೊಂದನ್ನು ಹಿಡಿದು ತಂದಿದ್ದರೆ ಊರು ಉಳಿಯುತ್ತಿತ್ತಲ್ಲ ಎಂದು ಮನಸ್ಸು ಕುದಿಯಿತು.

“ಅವನು ಸಡಿಲಾದ, ಬುದ್ಧಿ,” ಎಂದನು. “ನಾನು ಸಡಿಲಾಗುವುದಿಲ್ಲ. ಯಾರ ಕೈಯಿಂದಲೂ ಏನನ್ನೂ ತೆಗೆದುಕೊಳ್ಳುವುದಿಲ್ಲ. ಉಗ್ರಾಣದ ಹತ್ತಿರ ಒಂದು ನರಪಿಳ್ಳೆಯನ್ನೂ ಬಿಡುವುದಿಲ್ಲ.”

ಗುರುಗಳು ಅವನ ಮುಖವನ್ನು ನೋಡಿದರು. ಕೆನ್ನೆ ಬತ್ತಿತ್ತು, ಕಣ್ಣು ಕೆಂಪಾಗಿತ್ತು.

“ಎಲ್ಲರನ್ನೂ ದೂರ ಮಾಡಿಕೊಂಡ ಮೇಲೆ, ಅಡವೀಶ, ನಿನ್ನನ್ನು ಮಾತನಾಡಿಸಲು ಬರುವವನು ಯಾರು?”