ಇಲ್ಲದ ರಾಜನ ಹೆಸರು

ಮಲಪ್ರಭೆಯ ದಂಡೆಯ ಆಶ್ರಮದಲ್ಲಿ ಒಬ್ಬ ಅಜ್ಜಾರು ಇದ್ದರು. ಕಾವಿ ಉಡುವ ಮೊದಲು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವರು. ಮನೆ ಬಿಟ್ಟರು, ಪೆನ್ಷನ್ ಬಿಟ್ಟರು, ಕಿವಿಯ ಸಂದಿಯ ಕೆಂಪು ಪೆನ್ಸಿಲ್ಲನ್ನು ಮಾತ್ರ ಬಿಡಲಿಲ್ಲ.

ಅವರ ಶಿಷ್ಯ ಕಲ್ಮೇಶ. ಎರಡು ವರ್ಷದಿಂದ ತಾನು ಬರೆದದ್ದನ್ನೆಲ್ಲ ಅವರಿಗೆ ತೋರಿಸುತ್ತಿದ್ದ. ಕೆಂಪು ಗೆರೆಯಿಲ್ಲದೆ ಒಂದು ಹಾಳೆಯೂ ತಿರುಗಿ ಬಂದದ್ದಿಲ್ಲ.

ಒಂದು ದಿನ ಅಜ್ಜಾರು ಅವನ ಕೈಗೆ ಸೀಮೆಸುಣ್ಣದ ಡಬ್ಬಿ ಕೊಟ್ಟರು.

"ಸಂಜೀ ಪಾಠ ಎಂಟು ದಿನ ನೀ ಮಾಡು. ಆಮ್ಯಾಲ ನೋಡೂಣು."

ಕಲ್ಮೇಶನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎಂಟು ದಿನ ಸರಿಯಾಗಿ ನಡೆದರೆ ಆ ಪಾಠ ಕಾಯಂ ತನ್ನದು. ಜನ್ಮಕ್ಕೆ ಅವನು ಬೇಡಿಕೊಂಡದ್ದೇ ಅದೊಂದು.

ಸಂಜೆಯ ಆ ಇಂಗ್ಲಿಷ್ ಪಾಠಕ್ಕೆ ಸುತ್ತಲಿನ ದುಡಿಯುವ ಮಂದಿ ಬರುತ್ತಿದ್ದರು. ಮುಂದಿನ ಸಾಲಿನಲ್ಲಿ ಬಾಳವ್ವ. ಆಶ್ರಮದ ಅಡುಗೆಯವಳು, ಐವತ್ತು ದಾಟಿದವಳು. ಮೊಮ್ಮಗಳು ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದಳು. ಅವಳ ಮುಂದೆ ತಾನೂ ನಾಲ್ಕು ಇಂಗ್ಲಿಷ್ ಮಾತಾಡಬೇಕೆಂದು ಬಾಳವ್ವನ ಹಟ.

ಮೊದಲ ದಿನ ಪದಕ್ಕೆ ಬಾಲ ಕಟ್ಟುವ ಪಾಠ. 'ಮೇಕ್' ಅನ್ನುವುದಕ್ಕೆ 'ಇಂಗ್' ಹಚ್ಚುವಾಗ ಕೊನೆಯ 'ಇ' ಅಕ್ಷರವನ್ನು ತೆಗೆದುಬಿಡಬೇಕು ಎಂದು ಕಲ್ಮೇಶ ಹೇಳಿದ.

"ಯಾಕ್ರೀ ಮಾಸ್ತರ?" ಬಾಳವ್ವ ಕೇಳಿದಳು. "ಪಾಪ, ಸಪ್ಪಳ ಮಾಡಲಾರದ ಮೂಲ್ಯಾಗ ಕುಂತಿತ್ತು. ಅದನ್ಯಾಕ ಹೊರಗ ಹಾಕಿದ್ರು?"

ಗೊತ್ತಿಲ್ಲ ಎಂಬ ಮಾತು ಕಲ್ಮೇಶನ ನಾಲಿಗೆಯ ತುದಿಗೆ ಬಂತು. ಹಿಂದೆ ಅಜ್ಜಾರು ಕಂಬಕ್ಕೆ ಒರಗಿ ಕುಳಿತಿದ್ದರು. ನುಂಗಿಬಿಟ್ಟ.

"ಹಿಂದಕ ವಿಲಾಯತಿಯೊಳಗ ಒಬ್ಬ ರಾಜ ಇದ್ದ. ಕಾಗದಕ್ಕ ಬರ ಬಂತು. ಕೆಲಸ ಮಾಡದ ಅಕ್ಷರ ತಗದುಹಾಕ್ರಿ ಅಂತ ಡಂಗುರ ಸಾರಿಸಿದ."

"ಅಬಬಬ!" ಅಂದಳು ಬಾಳವ್ವ. ಒಂದಕ್ಷರ ಬಿಡದೆ ತನ್ನ ವಹಿಯಲ್ಲಿ ಬರೆದುಕೊಂಡಳು.

ಎರಡು ದಿನ ಬಿಟ್ಟು 'ರನ್' ಬಂತು. ಅದಕ್ಕೆ 'ಇಂಗ್' ಹಚ್ಚಿದರೆ ಒಂದು 'ಎನ್' ಇದ್ದದ್ದು ಎರಡಾಗುತ್ತದೆ.

"ಕಾಗದಕ್ಕ ಬರ ಇತ್ತಲ್ರೀ?" ಬಾಳವ್ವ ಬಿಡಲಿಲ್ಲ.

"ಆ ರಾಜ ತೀರಿಕೊಂಡ. ಮಗ ಪಟ್ಟಕ್ಕ ಬಂದ. ಅವನದು ದೊಡ್ಡ ಕೈ."

ಮರುದಿನ 'ಕ್ರೈ' ಪದಕ್ಕೆ 'ಇ-ಡಿ' ಹಚ್ಚುವಾಗ 'ವೈ' ಹೋಗಿ ಅದರ ಜಾಗಕ್ಕೆ 'ಐ' ಬಂತು.

"ಇದು ಯಾರ ಕೆಲಸ್ರೀ?"

"ಆ ಮಗನ ಹೆಂಡತಿದು."

ಹೀಗೆ ಒಂದು ಸುಳ್ಳು ಕಾಯಲು ಒಂದು ಮನೆತನವೇ ಹುಟ್ಟಿತು ನೋಡಿ. ಅಜ್ಜಾರು ಕಂಬ ಬಿಟ್ಟು ಅಲುಗಲಿಲ್ಲ.

ಏಳನೆಯ ದಿನ ಮಧ್ಯಾಹ್ನ ಬಾಳವ್ವ ನುಚ್ಚು ಬಡಿಸುತ್ತ ನಿಂತಳು.

"ಅಜ್ಜಾರ, ನಮ್ಮ ಮೊಮ್ಮಗಳು ನಾಳೆ ಸಾಲ್ಯಾಗ ಎಲ್ಲಾರ ಮುಂದ ಆ ರಾಜನ ಕತಿ ಹೇಳ್ತಾಳಂತ್ರೀ. ಹೆಸರು ಕೇಳ್ಯಾಳ. ಏನ್ರೀ ಅವನ ಹೆಸರು?"

"ನನಗೇನ ಗೊತ್ತು ಯವ್ವಾ. ಮಾಸ್ತರನ್ನ ಕೇಳು."

ಕಲ್ಮೇಶ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದ. "ಸಂಜೀಕ ಹೇಳ್ತೀನ್ರೀ" ಅಂದ.

ಹೆಸರಿಗೇನು ಬರ? ಬೇಕಾದಷ್ಟು ಸಿಗುತ್ತವೆ. ಒಂದು ಹೆಸರು ಹೇಳಿದರೆ ಎಂಟನೆಯ ದಿನವೂ ದಾಟಿ ಹೋಗುತ್ತದೆ, ಪಾಠ ತನ್ನದಾಗುತ್ತದೆ. ಆದರೆ ಎರಡು ಜಡೆಯ ಆ ಹುಡುಗಿ ಎದ್ದು ನಿಂತು ಕತೆ ಹೇಳುವುದು, ಇಡೀ ಕ್ಲಾಸು ಗೊಳ್ಳೆಂದು ನಗುವುದು ಅವನ ಕಣ್ಣಿಗೆ ಕಟ್ಟಿತು. ಛೀ, ಎಂಥ ಕೆಲಸ ಮಾಡಿದೆ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಹೊಳೆಗೆ ಹೋದ. ಅಜ್ಜಾರು ಕಾವಿ ಬಟ್ಟೆ ಒಗೆಯುತ್ತಿದ್ದರು.

"ಅಜ್ಜಾರ, ಆ 'ಇ' ಖರೇನ ಯಾಕ ಬೀಳ್ತೈತ್ರೀ?"

"ಗೊತ್ತಿಲ್ಲಪಾ. ಒಬ್ರು ಹಿಂಗಂತಾರ, ಒಬ್ರು ಹಂಗಂತಾರ. ನಾನೂ ಎಷ್ಟೋ ವರ್ಷದಿಂದ ಹುಡುಕಾಕತ್ತೀನಿ. ನಿನಗೇನರ ಸಿಕ್ಕರ ನನಗೂ ಹೇಳು."

ಎಷ್ಟು ಹಗುರಾಗಿ ಅಂದುಬಿಟ್ಟರು! ಕಲ್ಮೇಶ ನೀರಿಗೆ ಇಳಿದು ಹತ್ತಿರ ಹೋದ.

"ಪಾಠದಾಗ ಹಂಗಂದ್ರ ಮಾಸ್ತರನ ಮರ್ಯಾದಿ ಉಳೀತೈತೇನ್ರೀ?"

ಅಜ್ಜಾರು ಒದ್ದೆ ಬಟ್ಟೆಯ ಒಂದು ತುದಿ ಅವನ ಕೈಗೆ ಕೊಟ್ಟರು.

"ಹಿಡಿ. ಹಿಂಡೂಣು."

ಸಂಜೆ ಬಾಳವ್ವ ಪೆನ್ನು ಹಿಡಿದೇ ಕುಳಿತಿದ್ದಳು.

"ಹೆಸರು ಹೇಳ್ರೀ ಮಾಸ್ತರ."

"ರಾಜ ಇಲ್ರೀ ಅಕ್ಕಾರ. ಮಗಾನೂ ಇಲ್ಲ, ಸೊಸಿನೂ ಇಲ್ಲ. ಯಾಕ ಅಂತ ನನಗ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಾಕ ನಾಚಿಕಿ ಬಂತು. ಕಟ್ಟಿ ಹೇಳಿದೆ."

ಬಾಳವ್ವ ಎದ್ದು ನಿಂತಳು.

"ಮೂರು ಪುಟ ಬರದೀನಲ್ಲೋ! ರೊಟ್ಟಿ ಬಡಿದು ಸೋತ ಕೈಲೆ ಮೂರು ಪುಟ! ನಾಳೆ ನಮ್ಮ ಕೂಸು ನಗಿಗೀಡು ಆಗ್ತಿತ್ತಲ್ಲೋ!"

ಅವಳ ಮಾತಿನಿಂದ 'ಮಾಸ್ತರ', 'ರೀ' ಎಲ್ಲ ಬಿದ್ದುಹೋಗಿತ್ತು.

"ತಪ್ಪಾತ್ರೀ ಅಕ್ಕಾರ. ಕೂಸಿಗೂ ನಾನ ಬಂದು ಹೇಳ್ತೀನಿ."

ಅವಳು ಸಿಟ್ಟಿನಿಂದ ಪುಟ ಹರಿಯಲು ಹೋದಳು. ಅಜ್ಜಾರು ಕಂಬ ಬಿಟ್ಟು ಎದ್ದು ಬಂದರು.

"ಹರೀಬ್ಯಾಡ. ಕಲ್ಮೇಶ, ಅದರ ಕೆಳಗ ಖರೇ ಏನೈತಿ ಬರಿ."

ಕಲ್ಮೇಶ ಬರೆದ. ಬಾಳವ್ವ ವಹಿ ಕಸಿದುಕೊಂಡು ಗಟ್ಟಿಯಾಗಿ ಓದಿದಳು.

"'ಈ ಕತೆ ಸುಳ್ಳು. ಯಾಕೆ ಎಂದು ನನಗೆ ಗೊತ್ತಿಲ್ಲ. ಕಲ್ಮೇಶ.'"

ಓದಿ ಮುಗಿಸಿ ಹುಬ್ಬು ಗಂಟಿಕ್ಕಿ ಕೇಳಿದಳು:

"ಹಂಗಾರ ಆ 'ಇ'ನ ಯಾಕ ಹೊರಗ ಹಾಕಿದ್ರು?"

"ಹುಡುಕೂಣ್ರೀ" ಅಂದ ಕಲ್ಮೇಶ.

ಬಾಳವ್ವ ಮತ್ತೆ ಕುಳಿತಳು. ಹೊಸ ಪುಟ ತೆರೆದಳು.

ಕಲ್ಮೇಶ ಸೀಮೆಸುಣ್ಣದ ಡಬ್ಬಿಯನ್ನು ಅಜ್ಜಾರ ಮುಂದೆ ಹಿಡಿದ. "ಪಾಠ ಇನ್ನೊಬ್ಬರಿಗೆ ಕೊಡ್ರೀ ಅಜ್ಜಾರ." ಅವನ ಕಣ್ಣು ತುಂಬಿತ್ತು.

ಅಜ್ಜಾರು ಡಬ್ಬಿ ತೆಗೆದುಕೊಳ್ಳಲಿಲ್ಲ. ಬಾಳವ್ವನ ವಹಿಯನ್ನು ಹಿಂದಕ್ಕೆ ತಿರುವಿ, ಕೆಂಪು ಪೆನ್ಸಿಲ್ಲು ಹಿಡಿದು ಅವನು ಬರೆದ ಸಾಲನ್ನು ಮೊದಲಿನಿಂದ ಕೊನೆಯವರೆಗೆ ನೋಡಿದರು. ಎಲ್ಲೂ ಗೆರೆ ಎಳೆಯಲಿಲ್ಲ. ಪೆನ್ಸಿಲ್ಲನ್ನು ಅವನ ಡಬ್ಬಿಯೊಳಗೆ ಹಾಕಿದರು.

"ಎರಡು ವರ್ಷದಾಗ ಇದೊಂದ ಸಾಲಿನ್ಯಾಗ ತಪ್ಪು ಸಿಗಲಿಲ್ಲ ತಮ್ಮಾ. ಬಾಳವ್ವನ ಉಳಿದ ಪುಟ ಇನ್ನ ಮ್ಯಾಲ ನೀನ ತಿದ್ದು."