ಮುಳ್ಳುಹಂದಿಯ ಬಿಲಕ್ಕೆ ಬಿದ್ದ ಮುದ್ರೆ

ಕಾಡುಕೋಣಗಳಿಗೂ ತೋಳಗಳಿಗೂ ಯುದ್ಧ ನಡೆದಿತ್ತು. ಕೋಣಗಳ ಕರುಗಳ ಸುತ್ತ ಬೇಲಿ ಕಟ್ಟಲು ಮುಳ್ಳು ಒದಗಿಸುವ ಗುತ್ತಿಗೆಗೆ ಮುಳ್ಳುಹಂದಿಯೊಂದು ಆಸೆಪಟ್ಟಿತು. ಆದರೆ ಕೋಣಗಳ ನಾಯಕ ಕಟ್ಟಳೆ ಮಾಡಿದ್ದ: "ಸೇನೆಯ ಗುಟ್ಟು ತಿಳಿಯುವವರ ಬಿಲಕ್ಕೆ ಒಂದೇ ಬಾಗಿಲಿರಬೇಕು. ಮುಂಗುಸಿ ಅದನ್ನು ಪರೀಕ್ಷಿಸಿ ಮುದ್ರೆ ಒತ್ತಬೇಕು."

ಮುಳ್ಳುಹಂದಿಯ ಬಿಲಕ್ಕೆ ಹಿಂದುಗಡೆ ಇನ್ನೊಂದು ಕಿಂಡಿಯಿತ್ತು. ಅದಕ್ಕೆ ಕಲ್ಲು ತುಂಬಲು ಬೇಸರಪಟ್ಟು, ಮುಳ್ಳುಹಂದಿ ಅದರ ಮೇಲೆ ಒಣ ಎಲೆ ಹರಡಿತು.

ಮುಂಗುಸಿ ಬಂದು ಬಾಗಿಲಲ್ಲೇ ನಿಂತು ಕೇಳಿತು: "ಬೇರೆ ದಾರಿ ಇದೆಯೇ?"

"ಇಲ್ಲ, ಸ್ವಾಮಿ."

"ಹಿಂದೆ ಹೋಗಿ ನೋಡಬೇಕೇ?"

"ಈ ಬಿಸಿಲಲ್ಲಿ ತಮಗೇಕೆ ತೊಂದರೆ? ನನ್ನ ಮಾತು ಸಾಲದೇ?"

ಮುಂಗುಸಿ ಬಾಗಿಲ ಹಸಿಮಣ್ಣಿಗೆ ತನ್ನ ಅಂಗಾಲಿನ ಮುದ್ರೆ ಒತ್ತಿ ಹೊರಟುಹೋಯಿತು.

ಸಂಜೆ ನಾಯಕ ಬಂದ. ಮುದ್ರೆ ನೋಡಿ, ಬಿಲಕ್ಕೆ ಬಾಯಿಟ್ಟು ಹೇಳಿದ: "ಕರುಗಳನ್ನು ಬಿದಿರು ಕಣಿವೆಯಲ್ಲಿ ಅಡಗಿಸಿದ್ದೇವೆ. ಬೆಳಗ್ಗೆ ಮುಳ್ಳು ಅಲ್ಲಿಗೇ ತಾ." ಹಿಂದಿನ ಕಿಂಡಿಯ ಎಲೆ ಸರಿಸಿ ಕೂತಿದ್ದ ನರಿ ಇದನ್ನು ಕೇಳಿಸಿಕೊಂಡು ತೋಳಗಳ ಬಳಿಗೆ ಓಡಿತು.

ಬೆಳಗ್ಗೆ ಮುಳ್ಳು ಹೊತ್ತು ಹೋದ ಮುಳ್ಳುಹಂದಿಗೆ ಕಣಿವೆಯಲ್ಲಿ ಕಂಡದ್ದು ಕರುಗಳ ಎಲುಬು. ನಾಯಕನೂ ಮುಂಗುಸಿಯೂ ಅಲ್ಲಿ ನಿಂತಿದ್ದರು.

"ಪ್ರಭು, ನನ್ನ ಬಿಲಕ್ಕೆ ಮುದ್ರೆಯಿತ್ತು" ಎಂದಿತು ಮುಳ್ಳುಹಂದಿ.

"ಇವನ ಮಾತು ನಂಬಿ ಒತ್ತಿದೆ" ಎಂದಿತು ಮುಂಗುಸಿ.

"ಮುದ್ರೆ ಇಲ್ಲದ ಬಿಲದ ಮುಂದೆ ನಾನು ಬಾಯಿ ಬಿಡುತ್ತಲೇ ಇರಲಿಲ್ಲ" ಎಂದ ನಾಯಕ.

ಮೇಲಿನ ದಿಬ್ಬದಿಂದ ತಾಯಂದಿರು ಕರುಗಳನ್ನು ಕರೆಯುತ್ತಲೇ ಇದ್ದರು.